ಕಂದು ಮುಖ ಮೇಲಕ್ಕೆ

ನಾಳೆ ನಮ್ಮನ್ನು ಕರೆದೊಯ್ಯಲು ಹೆಲಿಕಾಪ್ಟರ್ ಬರುತ್ತದೆ. ಉಳಿದಿದ್ದು ಈ ದಿಬ್ಬದ ಮೇಲೆ ಒಂದು ಗುಂಡಿ ತೋಡುವುದಷ್ಟೇ. ಹಿಮನದಿ ಹಿಂದೆ ಸರಿಯುವಾಗ ಬಿಟ್ಟುಹೋದ ಈ ಕಲ್ಲುಮಣ್ಣು ಇಪ್ಪತ್ತು ಲಕ್ಷ ವರ್ಷಗಳಿಂದ ಅಲುಗಿಲ್ಲ ಎಂಬುದು ಪ್ರೊಫೆಸರ್ ಡಂಕನ್ ಅವರ ವಾದ. ಅದಕ್ಕೆ ಸಾಕ್ಷಿ ಇಲ್ಲೇ ಸಿಗಬೇಕಿತ್ತು.

"ಇಲ್ಲಿ ಯಾರೂ ಸಲಿಕೆ ಹಾಕಿಲ್ಲ, ನೈರಿ. ನನಗೇ ಅಂತ ಕಾದಿದೆ." ಬೆಳಗಿನಿಂದ ಅವರು ನನಗೆ ಹೀಗೆ ಹೇಳಿದ್ದು ಇದು ಮೂರನೆಯ ಸಲ.

"ಬೇಗ ಮುಗಿಸಿ ಯಜಮಾನ್ರೇ," ನಮಗೆ ಹಿಮದ ಮೇಲೆ ದಾರಿ ತೋರಿಸುವ ವಿರೆಮು ರೇಗಿಸಿದ. "ನನ್ನ ಕಾಲ್ಬೆರಳು ಒಂದೊಂದಾಗಿ ರಜೆ ಹಾಕ್ತಿವೆ."

ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿಟ್ಟೆ. ಗಾಳಿ ತಿಂದ ಮುಖ ಕಂದು, ಅಡಿಮುಖ ಬಿಳಿಚು. ಮುಚ್ಚುವಾಗ ಕಂದು ಮುಖವೇ ಮೇಲೆ ಬರಬೇಕು. ಗುಂಡಿ ಇತ್ತೆಂದು ದೇವರಿಗೂ ಗೊತ್ತಾಗಬಾರದು. ಇದು ಡಂಕನ್ ಅವರೇ ಕಲಿಸಿದ ಪಾಠ.

ನೆಲ ಅಲುಗಿರದಿದ್ದರೆ ಗೇಣುದ್ದ ಕೆಳಗೆ ಉಪ್ಪಿನ ಬಿಳಿ ಪದರ ಒಡೆಯದೆ ಇರಬೇಕಿತ್ತು. ನನಗೆ ಸಿಕ್ಕಿದ್ದು ಚೂರುಗಳು, ಮಣ್ಣಲ್ಲೆಲ್ಲ ಕಲಸಿಹೋದವು.  ಇನ್ನೂ ಆಳಕ್ಕೆ ತೋಡಿದೆ. ತಳದಲ್ಲಿ ಒಂದು ತಗಡಿನ ಚೂರು. ತೋಡಿ ಮುಚ್ಚಿದವರು ಗುರುತಿಗೆ ಇಡುವಂಥದ್ದು. ಮೊಳೆಯಿಂದ ಕೊರೆದಿತ್ತು: ಡಂಕನ್, ಜನವರಿ ೧೯೮೬.

ಡಂಕನ್ ಅದನ್ನು ಕೈಗವಸಿನಿಂದ ಒರೆಸಿ ಬಹಳ ಹೊತ್ತು ನೋಡಿದರು.

"ಅಕ್ಷರ ನನ್ನದೇ. ಈ ಗುಂಡಿ ಮಾತ್ರ ನೆನಪಿಲ್ಲ ಮರಿ." ಆಮೇಲೆ ಕೇಳಿದರು: "ನೀನು ದಿನಾ ಏನೋ ಬರೀತೀಯಲ್ಲ, ಅದ್ರಲ್ಲಿ ನನ್ನ ವಿಷಯ ಇದೆಯಾ?"

ವಿರೆಮುವಿನ ಕಡೆ ನೋಡಿದೆ. ಅವನು ಮುಖ ತಿರುಗಿಸಿದ.

"ಇದೆ."

"ಓದು."

"ಬೇಡ, ಡಂಕನ್."

"ಓದು ಅಂದ್ನಲ್ಲ."

ಓದಿದೆ. ತಾರೀಖು ಹನ್ನೊಂದು: ಒಲೆ ಹಚ್ಚಿ ಮರೆತರು. ಹದಿನಾಲ್ಕು: ಡೇರೆಯ ಎದುರೇ ನಿಂತು ಡೇರೆಗೆ ದಾರಿ ಕೇಳಿದರು. ಹದಿನೇಳು: ನನ್ನನ್ನು ಎಲ್ಸ್‌ಪೆತ್ ಎಂದು ಕರೆದರು, ಎರಡು ಸಲ.

"ಎಲ್ಸ್‌ಪೆತ್ ನನ್ನ ಹೆಂಡ್ತಿ. ತೀರಿಕೊಂಡ್ಳು." ನನ್ನ ಮುಖ ನೋಡಿದರು. "ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ. ಮೂರು ವಾರ ಬಾಯಿ ಬಿಡದೆ ಬರೆದಿಟ್ಟುಕೊಂಡಿದ್ದೆ. ಒಮ್ಮೆಯಾದರೂ ಹೇಳಿದ್ದರೆ ಅವರು ತಮ್ಮ ನೆನಪನ್ನೇ ನಂಬದೆ, ಹಿಂದೆ ತೋಡಿದ ಗುಂಡಿಗಳ ಹಳೆಯ ನಕ್ಷೆ ತೆಗೆದು ನೋಡುತ್ತಿದ್ದರೋ ಏನೋ.

"ಆ ಪುಸ್ತಕ ನಾಳೆ ಡಾಕ್ಟರ ಕೈಗೆ ಕೊಡು. ನಾನೇ ಕೇಳಿದ್ರೂ ನನಗೆ ಕೊಡ್ಬೇಡ."

ತಗಡನ್ನು ಅದೇ ಜಾಗದಲ್ಲಿಟ್ಟು ಮಣ್ಣು ತುಂಬಿದರು. ಮಂಡಿಯೂರಿ ಕಲ್ಲುಗಳನ್ನು ಜೋಡಿಸಿದರು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. ಒಂದು ಕಲ್ಲೂ ತಪ್ಪಲಿಲ್ಲ, ಎಲ್ಲದರ ಕಂದು ಮುಖವೂ ಮೇಲೆ. ಎದ್ದು ನಿಂತಾಗ ಗುಂಡಿ ಎಲ್ಲಿತ್ತೆಂದು ನನಗೂ ಗುರುತು ಸಿಗಲಿಲ್ಲ.