ಬೆಳ್ಳಿಯ ಉಡಿದಾರ

ನನ್ನ ಅಳಿಯ ಮುದ್ದಣ್ಣನು ಸೈಕಲ್ಲಿನ ಮೇಲೆ ಭೂಮಿಯನ್ನೇ ಒಂದು ಸುತ್ತು ಬರುತ್ತೇನೆಂದು ಹೇಳಿದ್ದು ನನ್ನ ಮಗಳು ಸರಸಮ್ಮನ ವರ್ಷದ ಕಾರ್ಯ ಮುಗಿದ ವಾರದಲ್ಲೇ. ಎಲೆಯಡಿಕೆ ಹಾಕಿಕೊಳ್ಳುತ್ತಾ, ಕೊರಟಗೆರೆ ಸಂತೆಗೆ ಹೋಗಿ ಬರುವೆನೆಂದು ಹೇಳುವವನ ಹಾಗೆ ಹೇಳಿದನು. ಜೊತೆಗೆ ಸಿರಾದ ಅಹಮದ್ ಷರೀಫ್ ಬರುತ್ತಾನೆ ಎಂದನು. ಷರೀಫನು ಅವನ ಶಾಲೆಯ ಗೆಳೆಯ. ಇಬ್ಬರಿಗೂ ಆಗ ಪಾಠ ಹೇಳಿದ ಮೇಷ್ಟ್ರು ನಾನೇ. ಸಿರಾದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದನು. ಮುಂಬಯಿಯಿಂದ ಹಡಗಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದು, ಅಲ್ಲಿಂದ ಮುಂದೆ ಬಿಳಿಯರ ದೇಶಗಳು, ಆಮೇಲೆ ಅಮೆರಿಕ, ಜಪಾನು. ಕೊನೆಗೆ ಮದರಾಸಿನಲ್ಲಿ ಇಳಿದು ಪಾವಗಡದ ಕಡೆಯಿಂದ ಮಧುಗಿರಿಗೆ ಬರುವುದು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು ತೋರಿಸಿದನು.

ನಾನು ಬೇಡವೆನ್ನಲಿಲ್ಲ. ಮಗಳು ಎರಡನೆಯ ಹೆರಿಗೆಯಲ್ಲಿ ಕೂಸಿನೊಡನೆ ಹೋದಂದಿನಿಂದ ಆ ಮನುಷ್ಯ ಉಂಡರೂ ಉಣ್ಣದ ಹಾಗೆ ಇದ್ದನು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಮಹಾರಾಜರ ವರ್ಧಂತಿಯ ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಮುಂದಿನ ಅಪ್ಪಣೆ ಕೊಡುವುದನ್ನೇ ಮರೆತು ಬಿಸಿಲಲ್ಲಿ ನಿಂತುಬಿಟ್ಟಿದ್ದನಂತೆ. ನಾಲ್ಕು ವರ್ಷದ ಮೊಮ್ಮಗಳು ಸರ್ವಮಂಗಳಾ ತೊಡೆಯ ಮೇಲೆ ಬಂದು ಕುಳಿತರೆ ತಲೆ ಸವರುತ್ತಿದ್ದನು, ಮುಖ ನೋಡುತ್ತಿರಲಿಲ್ಲ. ಆ ಮುಖ ಅವಳ ತಾಯಿಯದೇ. ಒಂದು ಸುತ್ತು ತಿರುಗಿ ಬಂದರೆ ಮಗುವಿಗೆ ತಂದೆ ಸಿಕ್ಕಾನು ಎಂದು ನಾನು ಮಲ್ಲೇಶ್ವರಸ್ವಾಮಿಗೆ ಕೈಮುಗಿದೆನು. ಆದರೆ ತಿರುಗಿ ಬರುವನೇ ಎಂಬ ಪ್ರಶ್ನೆ ಅಂದಿನಿಂದಲೇ ನನ್ನ ಜಪದ ನಡುವೆ ಬರತೊಡಗಿತು.

ಹೊರಡುವ ಮುಂಚೆ ಇಬ್ಬರೂ ಸಾಮಾನು ಹೇರಿಕೊಂಡು ಪಾವಗಡದವರೆಗೆ ಹೋಗಿಬಂದರು. ಹೋಗುವಾಗ ನೆಟ್ಟಗೆ ಹೋದರು. ಬರುವಾಗ ಮುದ್ದಣ್ಣನ ಸೈಕಲ್ಲಿನ ಹಿಂದಿನ ಕಬ್ಬಿಣದ ಚೌಕಟ್ಟಿಗೆ ಹುರಿಹಗ್ಗ ಸುತ್ತಿತ್ತು.

"ಮಿಡಿಗೇಶಿ ಇಳಿಜಾರಿನಾಗೆ ಮುರಿದೇ ಹೋಗಿತ್ತು ಮೇಷ್ಟ್ರೇ," ಎಂದು ಷರೀಫನು ಜಗುಲಿಯ ಮೇಲೆ ಕುಸಿದನು. "ಅದಕ್ಕೂ ಮುಂಚೆ ಪಾವಗಡದ ಕಮ್ಮಾರ ನಮ್ಮ ಗಂಟು ನೋಡಿ ಏನಂದ ಗೊತ್ತಾ? ಇದಿ ಸೈಕಿಲಾ, ಎದ್ದುಲ ಬಂಡಿನಾ ಅಂತ. ಎತ್ತಿನ ಗಾಡಿ ಅನ್ನಿಸ್ಕೊಂಡು ಬಂದ್ಬುಟ್ವಿ."

"ಎತ್ತುಗಳು ನೀವೇ ಅಂತ ಅವನಿಗೂ ಗೊತ್ತಾಗಿತ್ತು ಅನ್ನು," ಎಂದಳು ನನ್ನ ತಂಗಿ ರಂಗಕ್ಕ. ಅವಳು ಬಾಲವಿಧವೆ. ನನ್ನ ಮನೆಯ ಒಲೆಯೂ ಆ ಮಗುವೂ ಅವಳ ಕೈಯಲ್ಲೇ.

ಮರುದಿನ ಬೆಳಿಗ್ಗೆ ಹುಣಸೆಹಣ್ಣಿನ ಮಂಡಿಯಿಂದ ತಕ್ಕಡಿ ತಂದು ಹಜಾರದ ತೊಲೆಗೆ ಕಟ್ಟಿದರು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಗಂಟು. ಇಬ್ಬರ ಹೊರೆಯೂ ಸಮನಾಗಿರಬೇಕು, ಆ ಕಲ್ಲಿಗಿಂತ ಒಂದು ಗುಲಗಂಜಿಯೂ ಹೆಚ್ಚಬಾರದು ಎಂದು ಷರೀಫನ ಕಟ್ಟಳೆ. ನಾನು ದೇವರ ಮನೆಯ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದೆನು.

ಮೊದಲು ರಂಗಕ್ಕನ ಬುಟ್ಟಿ ಹೊರಬಂದಿತು.

"ಇದೇನ್ಲಾ ಮುದ್ದ, ರುಬ್ಬೋ ಗುಂಡು ಒಂದು ಬುಟ್ಟು ಅಡಿಗೆಮನೆ ಎಲ್ಲಾ ತುಂಬ್ಕೊಂಡಿದೀಯ?" ಎಂದನು ಷರೀಫ್.

"ಅದು ನಿನ್ನ ಹೊಟ್ಟೆಗೂ ಸೇರಿಸಿ ಮಾಡಿದ್ದು ಕಣಪ್ಪ," ಎಂದಳು ರಂಗಕ್ಕ. "ಬ್ಯಾಡಾಂದ್ರೆ ಬುಡು. ಬಾಗ್ದಾದಿನಾಗೆ ಯಾರು ನಿಂಗೆ ಹುರಿಹಿಟ್ಟು ಕಲಸಿಕೊಡ್ತಾರೆ ನೋಡ್ತೀನಿ."

"ಹುರಿಹಿಟ್ಟು ಇರ್ಲಿ ಅಕ್ಕ. ಉಪ್ಪಿನಕಾಯಿ ಜಾಡಿ ನಾವು ಹೊತ್ಕೊಂಡು ಹೋಗೋ ಹೊತ್ಗೆ ಜಾಡಿನೇ ನಮ್ಮನ್ನ ಉಪ್ಪಿನಕಾಯಿ ಮಾಡಿರ್ತೈತೆ."

ಜಾಡಿ ಹೋಯಿತು. ಸಿದ್ಧರಬೆಟ್ಟದಿಂದ ನಾನು ತರಿಸಿದ್ದ ಬೇರು ನಾರುಗಳ ಗಂಟಿನಲ್ಲಿ ಜ್ವರದ ಬೇರೊಂದು ಉಳಿದು ಮಿಕ್ಕದ್ದು ಹೋಯಿತು. ಕಂಬಳಿಯನ್ನು ಅರ್ಧಕ್ಕೆ ಕತ್ತರಿಸಿದರು. ಬಾಚಣಿಗೆಯನ್ನು ಮುರಿದು ಇಬ್ಬರೂ ಹಂಚಿಕೊಂಡರು. ಪಂಚೆಯ ಅಂಚು, ಅಂಗಿಯ ಜೇಬು, ಚರ್ಮದ ಪಟ್ಟಿಯ ಉದ್ದದ ತುದಿ, ಎಲ್ಲವೂ ಕತ್ತರಿಯ ಬಾಯಿಗೆ ಬಿದ್ದವು. ನಾನು ಕೊಟ್ಟಿದ್ದ ಸ್ತೋತ್ರದ ಪುಸ್ತಕವನ್ನು ಷರೀಫನು ಎರಡು ಕೈಯಲ್ಲೂ ಭಯಭಕ್ತಿಯಿಂದ ಎತ್ತಿಕೊಂಡು, "ಇದು ನಿಂಗೆ ಬಾಯಿಗೆ ಬರ್ತೈತಾ?" ಎಂದು ಕೇಳಿದನು. ಮುದ್ದಣ್ಣ ತಲೆಯಾಡಿಸಿದನು. "ಬಾಯಾಗೆ ಇರೋದನ್ನ ಬೆನ್ನಿನ ಮ್ಯಾಲೆ ಯಾಕೆ ಹೊರ್ತೀಯ? ಮೇಷ್ಟ್ರೇ, ತಪ್ಪು ತಿಳ್ಕೋಬ್ಯಾಡಿ." ನಾನು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಹಿಂದಕ್ಕೆ ತೆಗೆದುಕೊಂಡೆನು.

ಇಷ್ಟಾದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂದಿತು. ಷರೀಫನು ತನ್ನ ಪ್ರತಿಯೊಂದು ಸಾಮಾನಿಗೂ ತನ್ನ ಜೊತೆ ತಾನೇ ಜಗಳವಾಡಿ ಬಿಡುತ್ತಿದ್ದನು. ಹಿತ್ತಾಳೆಯ ಚಹಾ ಲೋಟವನ್ನು ತಕ್ಕಡಿಯಿಂದ ತೆಗೆದು, ಮತ್ತೆ ಇಟ್ಟು, ಬೈದುಕೊಂಡು, ಕೊನೆಗೆ ಅದರ ಬದಲು ಒಂದು ಜೊತೆ ಕಾಲುಚೀಲವನ್ನು ಬಿಟ್ಟುಕೊಟ್ಟನು. ಮುದ್ದಣ್ಣನಾದರೋ ಯಾರೂ ಕೇಳುವ ಮೊದಲೇ ಬಿಡುತ್ತಿದ್ದನು. ಚಳಿಯ ಅಂಗಿ ಬೇಡವೇ ಎಂದರೆ ಬೇಡ. ಎರಡನೆಯ ಜೊತೆ ಚಪ್ಪಲಿ? ಬೇಡ. ಕನ್ನಡಿ, ಚಾಕು? ಬೇಡ, ಬೇಡ. ಅವನ ಗಂಟು ಕಲ್ಲಿಗಿಂತ ಮೇಲೆದ್ದರೂ ಅವನು ನಿಲ್ಲಿಸಲಿಲ್ಲ.

"ಲೇ, ಸಾಕು ನಿಲ್ಸೋ. ನಿಂದು ಆಗ್ಲೇ ಹಗುರಾಗೈತೆ," ಎಂದನು ಷರೀಫ್.

"ಇರಲಿ," ಎಂದನು ಮುದ್ದಣ್ಣ.

ದೂರ ಹೋಗಿ ಬರುವವನಿಗೆ ಸಾಮಾನಿನ ಮೇಲೆ ಸ್ವಲ್ಪವಾದರೂ ಆಸೆ ಇರುತ್ತದೆ. ಈ ಮನುಷ್ಯನಿಗೆ ಯಾವುದರ ಮೇಲೂ ಇಲ್ಲ. ನನ್ನ ಕೈಯಲ್ಲಿದ್ದ ಜಪಮಣಿ ಎಲ್ಲಿಗೆ ಬಂದಿತ್ತೆಂಬುದು ತಪ್ಪಿಹೋಯಿತು.

ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮುದ್ದಣ್ಣನು ಹಿತ್ತಲಲ್ಲಿ ಸ್ನಾನ ಮಾಡಿ ಬಂದನು. ಬಿಟ್ಟ ಸಾಮಾನುಗಳೆಲ್ಲ ಒಂದು ಹಳೆಯ ಜಮಖಾನದ ಮೇಲೆ ರಾಶಿಯಾಗಿದ್ದವು. ಅವನು ಹಾದುಹೋಗುತ್ತಾ ಅಂಗೈಯಲ್ಲಿದ್ದ ಏನನ್ನೋ ಆ ರಾಶಿಯ ಮೇಲೆ ಹಾಕಿದನು. ಘಲ್ ಎಂದಿತು. ನಾನು ಎದ್ದುಹೋಗಿ ನೋಡಿದೆನು. ಅವನ ಬೆಳ್ಳಿಯ ಉಡಿದಾರ.

ಮದುವೆಯ ದಿನ ನಾನೇ ಅವನಿಗೆ ಕೊಟ್ಟದ್ದು. ಮಧುಗಿರಿಯ ಅಕ್ಕಸಾಲಿ ಎಳೆ ಎಳೆಯಾಗಿ ಹೆಣೆದದ್ದು. ನಮ್ಮಲ್ಲಿ ಗಂಡಸಿನ ಸೊಂಟ ಹುಟ್ಟಿದಂದಿನಿಂದ ದಾರವಿಲ್ಲದೆ ಒಂದು ಗಳಿಗೆಯೂ ಇರುವುದಿಲ್ಲ. ಹಳೆಯದು ಸವೆದರೆ ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ತೆಗೆಯುವುದು. ಬರಿಯ ಸೊಂಟವಾಗುವುದು ಒಂದೇ ಸಲ, ಚಿತೆಯ ಮೇಲೆ ಮಲಗಿಸಿದಾಗ. ಆಗಲೂ ಬೇರೆಯವರು ಕತ್ತರಿಸುತ್ತಾರೆಯೇ ಹೊರತು ಯಾರೂ ತಮ್ಮ ಕೈಯಿಂದ ಬಿಚ್ಚಿಕೊಳ್ಳುವುದಿಲ್ಲ.

ಜಮಖಾನದ ಅಂಚಿನಲ್ಲೇ ಕುಳಿತುಬಿಟ್ಟೆನು.

"ಮುದ್ದಣ್ಣ, ಇದೇನು?"

"ತೂಕ ಮಾವ." ಅವನು ನನ್ನ ಕಡೆ ನೋಡಲಿಲ್ಲ. "ದಾರಿಯಲ್ಲಿ ಬೆಳ್ಳಿ ಇದ್ದರೆ ಕಳ್ಳರ ಭಯ ಬೇರೆ. ಮಂಗಳಂಗೆ ಇರಲಿ. ದೊಡ್ಡೋಳಾದ ಮೇಲೆ ಕರಗಿಸಿ ಏನಾದರೂ ಮಾಡಿಸಿಕೊಡಿ."

ಮಕ್ಕಳಿಗೆ ಹೀಗೆ ಬಿಟ್ಟುಹೋಗುವವರು ಯಾರೆಂದು ನನಗೆ ಗೊತ್ತು. ಸರಸಮ್ಮನ ಕಿವಿಯ ಓಲೆಯನ್ನು ಹೀಗೆಯೇ ಮಂಗಳಳ ಪೆಟ್ಟಿಗೆಯಲ್ಲಿ ನಾನೇ ಇಟ್ಟಿದ್ದೆನು. ಬಡಿಸಲು ಬಂದ ರಂಗಕ್ಕ ಸೌಟು ಹಿಡಿದುಕೊಂಡೇ ನಿಂತಳು. ಅವಳ ಕಣ್ಣು ಅವನ ಸೊಂಟದ ಮೇಲೆ ಹೋಯಿತು, ಆಮೇಲೆ ನನ್ನ ಮುಖದ ಮೇಲೆ. ಏನಾದರೊಂದು ಚುಚ್ಚುಮಾತು ಆಡದೆ ಅವಳು ಒಳಗೆ ಹೋದದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಊಟ ಯಾರಿಗೂ ಸೇರಲಿಲ್ಲ. ಷರೀಫನು ಮಾತ್ರ ಜಗುಲಿಯಲ್ಲಿ ಉಂಡು, ಏನೂ ತಿಳಿಯದೆ, ಗುನುಗುತ್ತಾ ತನ್ನ ಕೆಲಸದಲ್ಲಿದ್ದನು. ಅವನ ತಾಯಿ ಖಾಜಾಬಿ ಮಗನ ತೋಳಿಗೆ ಬೆಳ್ಳಿಯ ತಾಯತ ಕಟ್ಟಿ ಕಳಿಸಿದ್ದಳು. ಅವನು ಅದರ ಮುಚ್ಚಳವನ್ನು ಇಕ್ಕುಳದಿಂದ ಮೆಲ್ಲನೆ ಬಿಚ್ಚಿ, ಒಳಗಿದ್ದ ಮಡಿಸಿದ ಕಾಗದವನ್ನು ತೆಗೆದು, ಹಣೆಗೆ ಮುಟ್ಟಿಸಿಕೊಂಡು, ಟೋಪಿಯ ಒಳಮಗ್ಗುಲಿಗೆ ಇಟ್ಟು ಸೂಜಿಯಲ್ಲಿ ಹೊಲಿಯುತ್ತಿದ್ದನು.

"ನಿನ್ನ ತಾಯಿ ಬೇಸರ ಮಾಡುವುದಿಲ್ಲವೇ?" ಎಂದು ಕೇಳಿದೆನು.

"ಯಾಕೆ ಮೇಷ್ಟ್ರೇ? ಅಮ್ಮನ ದುವಾ ಇರೋದು ಕಾಗದದಾಗೆ. ತೂಕ ಇರೋದು ಡಬ್ಬಿಯಾಗೆ. ಡಬ್ಬಿ ಅಮ್ಮನ ಹತ್ರಾನೇ ಇರ್ಲಿ, ಬಂದು ಇಸ್ಕೋತೀನಿ." ಅವನು ಹಲ್ಲಿನಲ್ಲಿ ದಾರ ಕಡಿದನು. "ನಮ್ಮಮ್ಮ ಅಂಗೆಲ್ಲ ಸುಮ್ಮನೆ ಕೊಡೋಳಲ್ಲ ಬುಡಿ, ಎಲ್ಲೆಲ್ಲಿ ಹೋದೆ ಅಂತ ಪೂರ್ತಿ ಕತೆ ಹೇಳಿಸ್ಕೊಂಡೇ ಕೊಡೋದು."

ನಾನು ಒಳಗೆ ಬಂದೆನು. ದೇವರ ಮನೆಯ ಗೂಡಿನಲ್ಲಿ ಸರಸಮ್ಮನ ತಕಲಿ ಇತ್ತು. ಗಾಂಧಿಯವರ ಮಾತು ಕೇಳಿ ಊರಿನ ಹೆಂಗಸರು ನೂಲು ತೆಗೆಯುತ್ತಿದ್ದ ಕಾಲ ಅದು. ಅವಳೂ ತುಂಬುಗರ್ಭಿಣಿಯಾಗಿ ಜಗುಲಿಯಲ್ಲಿ ಕುಳಿತು ತೆಗೆಯುತ್ತಿದ್ದಳು. ನೋವು ಬಂದಾಗ ಹಾಗೆಯೇ ಇಟ್ಟು ಎದ್ದು ಒಳಗೆ ಹೋದಳು, ಮತ್ತೆ ಬರಲಿಲ್ಲ. ನೂಲಿನ ತುದಿಯಲ್ಲಿ ಅರ್ಧ ಎಳೆದ ಹತ್ತಿ ಹಾಗೆಯೇ ಇತ್ತು. ಅದನ್ನು ನಾನು ಮಗುವಿಗೂ ಮುಟ್ಟಲು ಬಿಟ್ಟಿರಲಿಲ್ಲ. ದಿನವೂ ದೇವರ ಜೊತೆಗೆ ಅದಕ್ಕೂ ಒಂದು ಹೂವು ಇಡುತ್ತಿದ್ದೆನು.

ಅದನ್ನು ತೆಗೆದುಕೊಂಡು ದೇವರ ಮುಂದೆ ಬಹಳ ಹೊತ್ತು ಕುಳಿತೆನು. ಬಿಚ್ಚಿದರೆ ಅವಳ ಕೈಯ ಸುತ್ತು ಹೋಯಿತು. ಬಿಚ್ಚದಿದ್ದರೆ? ಸ್ವಾಮಿಯ ಮುಖವನ್ನು ನೋಡಿ ಬಿಚ್ಚತೊಡಗಿದೆನು. ನೂಲು ಎರಡು ಕಡೆ ಕಿತ್ತುಹೋಯಿತು, ಗಂಟು ಹಾಕಿದೆನು. ಎಳೆಗಳನ್ನು ಸೇರಿಸಿ ತೊಡೆಯ ಮೇಲೆ ಹೊಸೆದು, ಕುಂಕುಮದ ನೀರಿನಲ್ಲಿ ಅದ್ದಿ, ಹಜಾರಕ್ಕೆ ಬಂದೆನು.

ಮುದ್ದಣ್ಣನು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದನು.

"ಅದು ತಕಲಿಯದಾ? ಯಾಕೆ ಬಿಚ್ಚಿದಿರಿ ಮಾವ? ಅದೊಂದು ಇತ್ತಲ್ಲ."

"ಇತ್ತು. ಗೂಡಿನಲ್ಲಿ ಕುಳಿತು ಏನು ಮಾಡುತ್ತಿತ್ತು? ತಕ್ಕಡಿಯಲ್ಲಿ ಹಾಕಿ ನೋಡು. ತೂಕವಿದ್ದರೆ ಬೇಡ."

ಷರೀಫನು ಬಾಗಿಲಿಗೆ ಬಂದಿದ್ದನು. ಈಗ ಅವನಿಗೂ ವಿಷಯ ತಿಳಿಯಿತು. ನನ್ನ ಕೈಯಿಂದ ದಾರವನ್ನು ಎತ್ತಿ ಖಾಲಿ ತಟ್ಟೆಯಲ್ಲಿ ಇಟ್ಟನು. ಮುಳ್ಳು ಅಲುಗಲಿಲ್ಲ. "ಇದು ಇರ್ಲಿ," ಎಂದಷ್ಟೇ ಹೇಳಿ, ಸೈಕಲ್ಲಿನ ಚಕ್ರ ನೋಡುವ ನೆವದಿಂದ ಹೊರಗೆ ಹೋದನು.

ನಾನು ಅಳಿಯನನ್ನು ನೇರವಾಗಿ ಕೇಳಿದೆನು. "ತಿರುಗಿ ಬರುವ ಮನಸ್ಸು ಇದೆಯೋ ಇಲ್ಲವೋ? ದೇವರ ಮುಂದೆ ಇದ್ದೀಯ."

ಅವನು ತಕ್ಕಡಿಯ ಸರಪಣಿಯನ್ನು ಹಿಡಿದುಕೊಂಡು ನಿಂತನು. "ಹೋಗೋದು ಯೋಚನೆ ಮಾಡಿದ್ದೆ ಮಾವ. ಬರೋದು ಯೋಚನೆ ಮಾಡಿರಲಿಲ್ಲ."

"ಈಗ ಮಾಡು."

ಹಿತ್ತಲಿನಲ್ಲಿ ಮಂಗಳಾ ರಂಗಕ್ಕನ ಜೊತೆ ಉಪ್ಪಿನಕಾಯಿ ಜಾಡಿಗೆ ಜಗಳವಾಡುತ್ತಿದ್ದದ್ದು ಕೇಳಿಸುತ್ತಿತ್ತು. ಅವನು ಅದನ್ನು ಕೇಳುತ್ತಾ ಇದ್ದನು. ಆಮೇಲೆ ದಾರಕ್ಕಾಗಿ ಕೈ ಚಾಚಿದನು.

"ಹಾಗಲ್ಲ," ಎಂದೆನು. "ಮೊದಲು ಬೆಳ್ಳಿಯದನ್ನು ಕಟ್ಟಿಕೋ. ಬಿಚ್ಚಿದ್ದು ಬಿಚ್ಚಿದ ಹಾಗೆ ಇರಬಾರದು."

ಅವನು ಮಗುವಿನ ಹಾಗೆ ಹೇಳಿದ್ದನ್ನು ಕೇಳಿದನು. ರಾಶಿಯಿಂದ ಬೆಳ್ಳಿಯ ಉಡಿದಾರವನ್ನು ಎತ್ತಿ ಸೊಂಟಕ್ಕೆ ಸುತ್ತಿ ಕೊಂಡಿ ಹಾಕಿಕೊಂಡನು. ಅದರ ಮೇಲೆ ನಾನು ನೂಲಿನ ದಾರವನ್ನು ಮೂರು ಗಂಟು ಹಾಕಿ ಕಟ್ಟಿದೆನು. ಆಮೇಲೆ ಬೆಳ್ಳಿಯದನ್ನು ಬಿಚ್ಚಿಸಿದೆನು. ಅಷ್ಟು ಮಾಡುವುದರೊಳಗೆ ನನ್ನ ಬೆನ್ನು ಬೆವರಿ ಅಂಗವಸ್ತ್ರ ಒದ್ದೆಯಾಗಿತ್ತು.

"ಇದನ್ನ ಮಂಗಳನ ಪೆಟ್ಟಿಗೆಗೆ ಹಾಕ್ತೀರಾ?" ಎಂದು ಕೇಳಿದನು.

"ನೀನು ಹೇಳು."

ಅವನು ಸುತ್ತಲೂ ನೋಡಿ, ತನ್ನ ಡ್ರಿಲ್ಲಿನ ಸೀಟಿಯನ್ನು ತೂಗುಹಾಕುತ್ತಿದ್ದ ಮೊಳೆಗೆ ಅದನ್ನು ನೇತುಹಾಕಿದನು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ರಾಶಿಯ ಹತ್ತಿರ ಹೋಗಿ ಚಳಿಯ ಅಂಗಿಯನ್ನು ಎತ್ತಿಕೊಂಡು ಬಂದು ತಕ್ಕಡಿಯಲ್ಲಿ ಇಟ್ಟನು. ಹೊರಗಿನಿಂದ ಷರೀಫನು ಕೂಗಿದನು. "ಅಂಗಿ ಹೆಚ್ಚಾದ್ರೆ ಚಾಕು ಬುಡಬೇಕು ಕಣ್ಲಾ."

"ಚಾಕು ಆಗಲೇ ಬಿಟ್ಟಿದೀನಿ. ನಿನ್ನ ಚಹಾ ಲೋಟ ಬಿಡು," ಎಂದನು ಮುದ್ದಣ್ಣ.

ಮರುದಿನ ಬೆಳಿಗ್ಗೆ ಸಿರಾದ ದಾರಿ ಹಿಡಿದು ಹೋದರು. ಲೋಟ ಷರೀಫನ ಗಂಟಿನ ಹೊರಗೆ ನೇತಾಡುತ್ತಾ ಬಹಳ ದೂರದವರೆಗೆ ಹೊಳೆಯಿತು. ಮುದ್ದಣ್ಣ ಮಂಗಳಳ ಮುಖವನ್ನು ನೋಡಿ ಮಾತಾಡಿಸಿ ಹೋದನು. ಏನು ಹೇಳಿದನೆಂದು ಆ ಮಗು ನನಗೆ ಹೇಳಲೊಲ್ಲದು.

ಬಸ್ರಾದಿಂದ ಒಂದು ಕಾರ್ಡು ಬಂದಿದೆ. ಸೊಂಟ ಸಣ್ಣಗಾಗಿ ದಾರ ಜಾರುತ್ತದೆ, ಬಿಚ್ಚದೆ ಇನ್ನೊಂದು ಗಂಟು ಹಾಕಿ ಬಿಗಿ ಮಾಡಿಕೊಂಡಿದ್ದೇನೆ ಎಂದು ಬರೆದಿದ್ದಾನೆ. ಆಮೇಲೆ ಸುದ್ದಿಯಿಲ್ಲ. ಮರುಭೂಮಿಯಲ್ಲಿ ಅಂಚೆಯಿಲ್ಲ ಎಂದು ಪೋಸ್ಟ್ ಮಾಸ್ಟರು ಹೇಳುತ್ತಾರೆ. ಇರಬಹುದು. ರಸ್ತೆಯಲ್ಲಿ ಸೈಕಲ್ಲಿನ ಗಂಟೆ ಬಾರಿಸಿದರೆ ಜಪ ತಪ್ಪುತ್ತದೆ, ಮತ್ತೆ ಮೊದಲಿನಿಂದ ಹಿಡಿಯುತ್ತೇನೆ.

ಸಂಜೆ ದೀಪ ಹಚ್ಚಿದಾಗ ಮೊಳೆಯ ಕಡೆ ನೋಡುತ್ತೇನೆ. ಬೆಳ್ಳಿ ಕಪ್ಪಾಗುತ್ತಾ ಬಂದಿದೆ. ಹುಣಸೆಹಣ್ಣು ಹಾಕಿ ಉಜ್ಜಿ ಇಡುತ್ತೇನೆಂದು ರಂಗಕ್ಕ ಎರಡು ಸಲ ಎತ್ತಿಕೊಳ್ಳಲು ಹೋದಳು. ಬೇಡವೆಂದು ತಡೆದೆನು. ಅವನೇ ಬಂದು ಉಜ್ಜಿಕೊಳ್ಳಲಿ.