ತೋತ್ ದೇವರೂ ಮಾವನವರ ನಿದ್ದೆಯೂ

ಸೊಸೆ ವಸ್ತುಸಂಗ್ರಹಾಲಯಕ್ಕೆ ಹೊಸ ಗೈಡು; ಮಾವ ಅಲ್ಲೇ ಹಳೇ ಕಾವಲುಗಾರ. ಈಜಿಪ್ಟಿನ ಕೋಣೆಯಲ್ಲಿ, ಹಕ್ಕಿತಲೆಯ ದೇವರ ವಿಗ್ರಹದ ಪಕ್ಕ ಕುರ್ಚಿ ಹಾಕಿ ಕೂತರೆಂದರೆ ಮಾವನವರಿಗೆ ಕುಂಭಕರ್ಣನ ನಿದ್ದೆ. ಗೊರಕೆಯಿಲ್ಲ, ಮಿಸುಕಾಟವಿಲ್ಲ, ಅವರೂ ಒಂದು ವಿಗ್ರಹವೇ.

ಆ ದೇವರನ್ನು ಇಂಗ್ಲಿಷಿನವರು 'ಥೋತ್' ಎನ್ನುತ್ತಾರೆ. ಅವತ್ತು ಬರುವವರು ಜರ್ಮನರು, ರಷ್ಯನ್ನರು. ಅವರು ಏನೆನ್ನುತ್ತಾರೋ ಎಂದು ಸೊಸೆ ಕೇಳಿದ್ದಕ್ಕೆ, ಟಿಕೆಟ್ ಕೊಡುವಾಕೆ, "ಇಬ್ರಿಗೂ 'ತೋತ್' ಅಂದ್ರೆ ಸಾಕು ಕಣೇ" ಎಂದಿದ್ದಳು. ಹೆಸರೇನೋ ಸರಿಯೇ. ಆದರೆ ಅದೇ ಸದ್ದಿಗೆ ಜರ್ಮನ್ನಿನಲ್ಲಿ 'ಸತ್ತಿದ್ದಾನೆ' ಎಂದೂ, ರಷ್ಯನ್ನಿನಲ್ಲಿ 'ಅಗೋ, ಅವನು' ಎಂದೂ ಅರ್ಥವಾಗುತ್ತದೆನ್ನುವುದು ಸೊಸೆಗಾಗಲಿ ಟಿಕೆಟಿನಾಕೆಗಾಗಲಿ ಗೊತ್ತಿರಲಿಲ್ಲ.

ಸೊಸೆ ವಿಗ್ರಹದತ್ತ ಕೈ ಚಾಚಿ, ಗಂಟಲು ಸರಿಮಾಡಿಕೊಂಡು ಸಾರಿದಳು: "ತೋತ್!"

ಮುಂದೆ ನಿಂತಿದ್ದ ಜರ್ಮನ್ ಅಜ್ಜ ಆ ಕೈಯ ಜಾಡು ಹಿಡಿದು ನೋಡಿದ. ಕಣ್ಣಿಗೆ ಬಿದ್ದದ್ದು ಮಾವ. ಅಜ್ಜನ ಮುಖ ಬಿಳಿಚಿತು. "ತೋತ್?"

"ತೋತ್, ತೋತ್!" ಹೆಸರು ಬಲ್ಲವನೊಬ್ಬ ಸಿಕ್ಕಿದನಲ್ಲ ಎಂದು ಸೊಸೆ ಹಿಗ್ಗಿದಳು.

ಅಜ್ಜ ಸತ್ತವರಿಗೆ ಗೌರವವೆಂದು ಟೋಪಿ ತೆಗೆದ. ಹಿಂದಿದ್ದ ರಷ್ಯನ್ ಹೆಂಗಸು, ಯಾರೋ ತೀರಿಕೊಂಡರೆಂದು ಊಹಿಸಿ, ಯಾರೆಂದು ತಿಳಿಯದೆ, ಮಾವನತ್ತ ಬೆರಳು ತೋರಿಸಿ ಕೇಳಿದಳು: "ತೋತ್?" ಸೊಸೆ ಇನ್ನೂ ಜೋರಾಗಿ ತಲೆಯಾಡಿಸಿದಳು. ಆಕೆ ಕಣ್ಣೊರೆಸಿಕೊಂಡು, ಕೈಯಲ್ಲಿದ್ದ ಹೂವನ್ನು ಮಾವನ ಎದೆಯ ಮೇಲಿಟ್ಟಳು. ಒಬ್ಬರ ಹಿಂದೊಬ್ಬರು ಬಂದು ತಲೆಬಾಗಿದರು. ಆಗ ಸೊಸೆಗೆ ವಿಷಯ ಹೊಳೆಯಿತು. ಬಾಯಿಗೆ ಸೆರಗು ತುರುಕಿಕೊಂಡರೂ ನಗು ತಡೆಯಲಾಗಲಿಲ್ಲ.

ಹೂವಿನ ದಳ ಮೂಗಿಗೆ ತಾಗಿ ಮಾವ "ಆಕ್ಷೀ!" ಎಂದರು. ಕೋಣೆಯೇ ಕಿರುಚಿತು. ಜರ್ಮನ್ ಅಜ್ಜ ದೇವರನ್ನೇ ತಬ್ಬಿಕೊಂಡ.

"ಯಾರಮ್ಮಾ ಹೋಗ್ಬಿಟ್ರು?" ಮಾವ ಗಾಬರಿಯಿಂದ ಕೇಳಿದರು.

"ನೀವೇ, ಮಾವ."

ತಿಳಿಸಿ ಹೇಳುವ ಹೊತ್ತಿಗೆ ಸಾಕುಸಾಕಾಯಿತು. ಪ್ರವಾಸಿಗರು ಹೊಟ್ಟೆ ಹಿಡಿದುಕೊಂಡು ನಕ್ಕು, ಬದುಕಿ ಬಂದವರ ಕೈಕುಲುಕಿ, ಚಾಕೊಲೇಟು ಕೊಟ್ಟು ಹೋದರು. ಮಾವನ ಮುಖ ಮಾತ್ರ ಊದಿಕೊಂಡಿತ್ತು. ಸಂಜೆ ಮನೆಗೆ ಬಂದವರೇ ಅತ್ತೆಯ ಮುಂದೆ ದೂರು ಹೇಳಿದರು:

"ಗುರುತು ಪರಿಚಯ ಇಲ್ಲದವ್ರೆಲ್ಲ ನನಗೋಸ್ಕರ ಅತ್ರು ಕಣೇ. ನಿನ್ನ ಸೊಸೆ ಒಬ್ಳೇ ನಗ್ತಾ ನಿಂತಿದ್ಲು!"

"ಅದಿರ್ಲಿ, ಚಾಕೊಲೇಟು ಎಲ್ಲಿ?" ಎಂದರು ಅತ್ತೆ.