ಕೊಂಡ ಮೇಲೆ

ರುದ್ರಮುನಿ ಕಾಣೆಯಾದ ಮೇಲೆ ಮಧುಗಿರಿಯಲ್ಲಿ ಅವನನ್ನು ಕಾಣದವರೇ ಇರಲಿಲ್ಲ. ಒಬ್ಬರು ತುಮಕೂರಿನ ಬಸ್ ನಿಲ್ದಾಣದಲ್ಲಿ ಕಂಡರು, ಇನ್ನೊಬ್ಬರು ಹಿಂದೂಪುರದ ಲಾಡ್ಜಿನ ಮೆಟ್ಟಿಲ ಮೇಲೆ ಕಂಡರು. ಮತ್ಯಾರೋ ಗೋವಾದಲ್ಲಿ ಟೋಪಿ ಹಾಕಿ ನಿಂತವನೊಬ್ಬನ ಬೆನ್ನಿನ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿ, ‘ಇವನೇ ಅಲ್ವಾ?’ ಎಂದು ಕೇಳಿದರು. ಮುನ್ನೂರು ಜನ ಹೌದೆಂದರು. ಆ ಬೆನ್ನು ರುದ್ರಮುನಿಯದಲ್ಲ ಎಂದು ಹೇಳಬಲ್ಲವಳು ಒಬ್ಬಳೇ ಇದ್ದಳು. ಹಬ್ಬ ಹಬ್ಬಕ್ಕೂ ಅವನ ಬೆನ್ನಿಗೆ ಎಣ್ಣೆ ಹಚ್ಚಿದ ಹೆಂಡತಿ ಭುವನಾ. ಅವಳನ್ನು ಯಾರೂ ಕೇಳಲಿಲ್ಲ.

ರುದ್ರಮುನಿ ಸೈಟು, ಜಮೀನು ಕೊಡಿಸುವ ಕೆಲಸದವನು. ಬ್ರೋಕರ್ ಎಂದರೆ ಅವನ ಮುಖ ಸಣ್ಣದಾಗುತ್ತಿತ್ತು. ಭುವನಾಳ ಜೆರಾಕ್ಸ್ ಅಂಗಡಿಯ ಮುಂಭಾಗದಲ್ಲೇ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು, ‘ರಿಯಲ್ ಎಸ್ಟೇಟ್ ಏಜೆಂಟ್’ ಎಂದು ಬೋರ್ಡು ಬರೆಸಿದ್ದ. ಅವನದೊಂದು ಪದ್ಧತಿಯಿತ್ತು. ಜಮೀನನ್ನು ಎಂದೂ ರಸ್ತೆಯಲ್ಲಿ ನಿಂತು ತೋರಿಸುತ್ತಿರಲಿಲ್ಲ. ಕೊಳ್ಳಲು ಬಂದವರು ಎಷ್ಟೇ ದಪ್ಪಗಿರಲಿ, ಏದುಸಿರು ಬಿಡಲಿ, ಹತ್ತಿರದ ಗುಡ್ಡಕ್ಕೋ ಬಂಡೆಗೋ ಹತ್ತಿಸಿ, ಅಲ್ಲಿಂದ ಬೆರಳು ತೋರಿಸುತ್ತಿದ್ದ. ಬರಲಾಗದವರಿಗೆ ತಾನೇ ಹತ್ತಿ ವಿಡಿಯೋ ಮಾಡಿ ಕಳಿಸುತ್ತಿದ್ದ. ಮೇಲಿನಿಂದ ನೋಡಿದರೆ ನೀರು ಎತ್ತ ಹರಿಯುತ್ತದೆ, ದಾರಿ ಯಾರ ಹೊಲದೊಳಗೆ ನುಗ್ಗುತ್ತದೆ ಎಲ್ಲ ತಿಳಿಯುತ್ತದೆ, ಆಮೇಲೆ ಬೈಸಿಕೊಳ್ಳುವುದು ತಪ್ಪುತ್ತದೆ ಎನ್ನುತ್ತಿದ್ದ.

ಆ ಸೋಮವಾರ ಬೈಕಿನ ಕ್ಲಚ್ ವೈರು ಕಿತ್ತುಹೋಗಿತ್ತು. ಬೈಕನ್ನು ಬಸ್ ನಿಲ್ದಾಣದ ಸ್ಟ್ಯಾಂಡಿನಲ್ಲಿ ಬಿಟ್ಟು, ಪಾವಗಡದ ಕಡೆ ಒಂದು ಜಮೀನು ನೋಡಿ ಬರುತ್ತೇನೆಂದು ಬಸ್ಸು ಹತ್ತಿದ. ಮಧ್ಯಾಹ್ನ ಭುವನಾಳ ವಾಟ್ಸಾಪಿಗೆ ಅವನ ದನಿಯ ಸಂದೇಶ ಬಂತು. ಬಸ್ಸಿನ ಗಡಗಡ ಸದ್ದು, ಯಾರದೋ ನಗು, ನಡುವೆ ಅವನ ಮಾತು: “ಭುವನಾ, ಇಲ್ಲಿ ಏನೂ ಕೇಳ್ಸಾಕಿಲ್ಲ. ಕೊಂಡ ಮೇಲೆ ಫೋನ್ ಮಾಡ್ತೀನಿ. ನೀನು ಊಟ ಮಾಡಿಬುಡು, ಕಾಯ್ಬ್ಯಾಡ.”

ಯಾರೋ ಜಮೀನು ಕೊಳ್ಳುತ್ತಿದ್ದಾರೆ, ವ್ಯಾಪಾರ ಮುಗಿದ ಮೇಲೆ ಫೋನ್ ಮಾಡುತ್ತಾನೆ ಎಂದುಕೊಂಡು ಭುವನಾ ಊಟ ಮಾಡಿದಳು. ಫೋನ್ ಬರಲಿಲ್ಲ. ಅವನೂ ಬರಲಿಲ್ಲ.

ಮಾರನೆಯ ದಿನ ಠಾಣೆಗೆ ಹೋದಳು. ಹೆಡ್ ಕಾನ್‌ಸ್ಟೆಬಲ್ ಜಯಕುಮಾರ್ ಆ ಮಾತನ್ನು ಎರಡು ಸಲ ಹಾಕಿಸಿ ಕೇಳಿದ. “ಕೊಂಡ ಮೇಲೆ ಅಂತ ಅವ್ನೇ ಹೇಳವ್ನಲ್ಲಮ್ಮ. ಕೊಳ್ಳಾಕೋದೋನು ಕೊಂಡ್ಕಂಡು ಬತ್ತಾನೆ ಬುಡು. ಏನು ಕೊಂಡ, ಯಾರಿಗ್ ಕೊಂಡ ಅನ್ನೋದು ಆಮ್ಯಾಕೆ ನೋಡಾನ,” ಎಂದು ಪಕ್ಕದವನ ಕಡೆ ಕಣ್ಣು ಹೊಡೆದ. ದೂರು ಬರೆದುಕೊಂಡರು. ಮೊಬೈಲಿನ ಸಿಗ್ನಲ್ ಕೊನೆಗೆ ಸಿಕ್ಕಿದ್ದು ಪಾವಗಡದಾಚೆಯ ಗಡಿಯಲ್ಲಿ, ಆಮೇಲೆ ಸತ್ತಿದೆ, ಆಂಧ್ರಕ್ಕೆ ದಾಟಿರಬೇಕು, ಅಲ್ಲಿನವರಿಗೆ ತಿಳಿಸುತ್ತೇವೆ ಎಂದರು. ಅಲ್ಲಿದ್ದ ಶಿವರಂಜನಿ ಎಂಬ ಪೇದೆ ಮಾತ್ರ ತಾನು ಕುಳಿತಿದ್ದ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಅವಳನ್ನು ಕೂರಿಸಿದಳು. ಹೊರಡುವಾಗ ತನ್ನ ಸ್ವಂತ ನಂಬರನ್ನು ಚೀಟಿಯಲ್ಲಿ ಬರೆದು ಕೈಗಿಟ್ಟು, “ಯಾವ ಹೊತ್ತಿಗಾದ್ರೂ ಮಾಡಕ್ಕಾ,” ಎಂದಳು.

ಪ್ರಸನ್ನ ಕುಮಾರ್ ಮೊಬೈಲಿನಲ್ಲೇ ಒಂದು ಸುದ್ದಿ ಚಾನೆಲ್ ನಡೆಸುತ್ತಿದ್ದ. ಅವನು ಅಂಗಡಿಗೆ ಬಂದು, “ಅಕ್ಕಾ, ನಾಕು ಜನಕ್ಕೆ ಗೊತ್ತಾದ್ರೆ ನಾಕು ಕಡೆ ಹುಡುಕ್ತಾರೆ,” ಎಂದಾಗ ಭುವನಾಗೆ ಅದು ಸರಿಯೆನಿಸಿತು. ಗಂಡನ ದನಿಯನ್ನು ಅವಳೇ ಅವನಿಗೆ ಕಳಿಸಿಕೊಟ್ಟಳು. ಊಟ ಮಾಡು, ಕಾಯಬೇಡ ಎಂದು ಹೇಳುವವನು ಮನೆ ಬಿಟ್ಟು ಓಡುವವನಲ್ಲ ಎಂದು ಕೇಳಿದವರಿಗೆ ಗೊತ್ತಾಗಲಿ ಎಂಬುದು ಅವಳ ಆಸೆ.

ಸಂಜೆಗೆ ವಿಡಿಯೋ ಬಂತು. ಮೊದಲ ಮಾತನ್ನೂ ಕತ್ತರಿಸಿದ್ದರು, ಊಟದ ಮಾತನ್ನೂ ಕತ್ತರಿಸಿದ್ದರು. ‘ಕೊಂಡ ಮೇಲೆ, ಕೊಂಡ ಮೇಲೆ’ ಎಂಬುದಷ್ಟೇ ಮತ್ತೆ ಮತ್ತೆ ಮೊಳಗುತ್ತಿತ್ತು. ಕೆಳಗೆ ಕೆಂಪಕ್ಷರದಲ್ಲಿ ‘ಏನು ಕೊಂಡ? ಯಾರಿಗಾಗಿ ಕೊಂಡ? ಕೊಂಡ ಮೇಲೆ ಎಲ್ಲಿಗೆ ಹೋದ?’ ಎಂದಿತ್ತು.

ಆಮೇಲೆ ಅದು ಪ್ರಸನ್ನ ಕುಮಾರನ ಕೈಯಲ್ಲೂ ಉಳಿಯಲಿಲ್ಲ. ಊರೇ ಪತ್ತೇದಾರನಾಯಿತು. ಅಡ್ವಾನ್ಸ್ ಎತ್ತಿಕೊಂಡು ಓಡಿದ ಎಂದರು. ಹಿಂದೂಪುರದಲ್ಲಿ ಇನ್ನೊಂದು ಸಂಸಾರವಿದೆ, ಅವಳಿಗೆ ಮನೆ ಕೊಂಡ ಎಂದರು. ಪಾವಗಡದ ಸೋಲಾರ್ ಪಾರ್ಕಿನವರ ಜಮೀನಿಗೆ ಕೈ ಹಾಕಿದ್ದಕ್ಕೆ ಮುಗಿಸಿದ್ದಾರೆ ಎಂದು ಒಬ್ಬ ಬರೆದರೆ, ಬುಕ್ಕಾಪಟ್ಟಣದ ಕಾಡಿನಲ್ಲಿ ಹೂತಿದ್ದಾರೆ, ನನಗೆ ಜಾಗ ಗೊತ್ತು ಎಂದು ಮತ್ತೊಬ್ಬ ಬರೆದ. ಹೆಂಡತಿಯ ಮುಖದಲ್ಲಿ ಅಳುವೇ ಇಲ್ಲ ನೋಡಿ ಎಂದು ಹೆಂಗಸರೇ ಬರೆದರು. ಭುವನಾ ಎಲ್ಲವನ್ನೂ ಓದುತ್ತಿದ್ದಳು. ಓದದಿದ್ದರೆ, ಆ ಕಸದ ರಾಶಿಯಲ್ಲಿ ಎಲ್ಲೋ ನಿಜವಾದ ಒಂದು ಸುಳಿವು ತಪ್ಪಿಹೋದರೆ ಎಂಬ ಭಯ. ‘ಏ ಕೊಂಡ ಅನ್ನಾ’ ಎಂದು ರಂಗೇಶ್ ಎಂಬುವನು ಬರೆದಿದ್ದ. ಕುರಿಮರಿಯನ್ನು ಎತ್ತಿಕೊಂಡ ಫೋಟೋ ಅವನದು. ಇಂಥ ಮುಖದವನೂ ಅಣಕಿಸುತ್ತಾನಲ್ಲ ಎಂದುಕೊಂಡು ಅವಳು ಮುಂದಕ್ಕೆ ಸರಿಸಿದಳು. ಅಂಗಡಿಯ ಎದುರಿನ ಟೀ ಗಾಡಿಯಲ್ಲಿ ಅದೇ ತಮಾಷೆಯಾಗಿತ್ತು. “ದುಡ್ಡು ಯಾವಾಗ್ಲಾ ಕೊಡ್ತೀಯ?” “ಕೊಂಡ ಮೇಲೆ ಕಣ್ಲಾ!” ಎಂದು ಜನ ನಗುತ್ತಿದ್ದರು. ಅವಳು ತಲೆಯೆತ್ತಿದರೆ ಸುಮ್ಮನಾಗುತ್ತಿದ್ದರು.

ಶಾಲೆಯಲ್ಲಿ ಮಗಳಿಗೂ ಇದೇ ಆದಾಗ ಅವಳನ್ನು ಕೊರಟಗೆರೆಯ ತವರಿಗೆ ಕಳಿಸಿದಳು.

ಗುರುವಾರ ಯಾರೋ, ರುದ್ರಮುನಿ ಶಿರಾದ ಹೋಟೆಲೊಂದರಲ್ಲಿ ಬಿರಿಯಾನಿ ತಿನ್ನುತ್ತಿದ್ದ ಎಂದು ಜಾಗದ ಸಮೇತ ಬರೆದರು. ಮೊಟ್ಟೆಯ ವಾಸನೆಗೇ ಎದ್ದು ಹೋಗುವ ಲಿಂಗವಂತರ ಮನೆಯ ಗಂಡಸು! ಸುಳ್ಳೆಂದು ಗೊತ್ತಿದ್ದೂ ಭುವನಾ ಶಿರಾದ ಬಸ್ಸು ಹತ್ತಿದಳು. ಮನೆಯಲ್ಲಿ ಕೂತರೆ ಎದೆ ಒಡೆದುಹೋಗುತ್ತಿತ್ತು. ಹೋಟೆಲಿನ ಬಿಳಿಗಡ್ಡದ ಸಾಹೇಬರು ಗಲ್ಲಾ ಬಿಟ್ಟು ಎದ್ದು ಬಂದು, ಕ್ಯಾಮೆರಾದಲ್ಲಿದ್ದುದನ್ನೆಲ್ಲ ತಾಳ್ಮೆಯಿಂದ ತೋರಿಸಿದರು. ಅಲ್ಲಿ ರುದ್ರಮುನಿ ಇರಲಿಲ್ಲ. ಅವಳ ಹಣೆಯ ವಿಭೂತಿಯನ್ನು ಅವರು ನೋಡಿರಬೇಕು. ತಮ್ಮಲ್ಲಿ ಟೀ ಕುದಿಯುತ್ತಿದ್ದರೂ ಹುಡುಗನನ್ನು ರಸ್ತೆಯಾಚೆಯ ಸಸ್ಯಾಹಾರಿ ಹೋಟೆಲಿಗೆ ಅಟ್ಟಿ ಕಾಫಿ ತರಿಸಿದರು. “ಕುಡೀರಿ ಬೇಟಿ, ಅದು ನಿಮ್ಮವರದೇ. ಮೇಲಿರೋ ಮಾಲಿಕ್ ದೊಡ್ಡೋನು, ಸಿಗ್ತಾರೆ,” ಎಂದರು. ಅಷ್ಟು ದಿನ ಬಾರದಿದ್ದ ಅಳು ಭುವನಾಗೆ ಆ ಕಾಫಿ ಲೋಟದ ಮುಂದೆ ಬಂತು.

ಶುಕ್ರವಾರ ಬೆಳಿಗ್ಗೆ ಅವಳಿಗೆ ಉಳಿದಿದ್ದು ಒಂದೇ ಕೆಲಸ. ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯಿಂದಾಚೆಯ ಹಳ್ಳಿಯಲ್ಲಿದ್ದ ಅತ್ತೆ ಸರ್ವಮಂಗಳಮ್ಮನಿಗೆ ಇನ್ನೂ ವಿಷಯ ತಿಳಿಸಿರಲಿಲ್ಲ. ಮುದುಕಿಯ ಎದೆ ನಿಶ್ಶಕ್ತ ಎಂದು ವೈದ್ಯರು ಹೇಳಿದ್ದರು. ಮಗ ಬೆಂಗಳೂರಿಗೆ ಹೋಗಿದ್ದಾನೆ ಎಂದು ಭುವನಾ ಸುಳ್ಳು ಹೇಳಿ ಕಳಿಸಿದ್ದಳು. ಊರಿನವರೂ ವಿಡಿಯೋ ನೋಡಿ, ಪಾಪ, ಮುದುಕಿಯ ಮುಂದೆ ಬಾಯಿ ಬಿಟ್ಟಿರಲಿಲ್ಲ. ಎಲ್ಲರೂ ಒಳ್ಳೆಯದನ್ನೇ ಮಾಡಿದ್ದರು. ಆದರೆ ಈಗ, ಹೆಣ ಸಿಕ್ಕಿತು ಎಂದು ಯಾರಾದರೂ ಸುಳ್ಳೇ ಹಬ್ಬಿಸಿದರೆ? ತಾನೇ ಹೇಳಬೇಕು ಎಂದು ಹೊರಟಳು.

ತಿರುಮಣಿ ಕಳೆದ ಮೇಲೆ ಬಸ್ಸಿನ ಎರಡೂ ಕಡೆ ಸೋಲಾರ್ ಹಲಗೆಗಳು ನೀರಿಲ್ಲದ ಕೆರೆಯ ಹಾಗೆ ಹೊಳೆಯುತ್ತಿದ್ದವು. ಮೊಬೈಲಿನ ಸಿಗ್ನಲ್ ಗೆರೆಗಳು ಒಂದೊಂದೇ ಅಳಿಸಿಹೋದವು.

ಸರ್ವಮಂಗಳಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. “ಒಬ್ಬಳೇ ಬಂದ್ಯಾಮ್ಮ? ರುದ್ರ ರಾಲೇದಾ, ಬರಲಿಲ್ಲವಾ?” ಎಂದಳು. ಭುವನಾ ಅವಳ ಪಕ್ಕ ಕುಳಿತು, ಕಾಯಿ ಸುಲಿಯುತ್ತಲೇ ಎಲ್ಲ ಹೇಳಿದಳು. ಕೈಗೆ ಕೆಲಸವಿಲ್ಲದಿದ್ದರೆ ಮಾತು ಹೊರಡುತ್ತಿರಲಿಲ್ಲ. ಮುದುಕಿ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮಡಿಲಿನ ಸಿಪ್ಪೆ ಕೊಡವಿ, ಕೊನೆಗೆ ಏನು ಹೇಳಿದ ಎಂದಷ್ಟೇ ಕೇಳಿದಳು. ಭುವನಾ ಮೊಬೈಲನ್ನು ಅವಳ ಕಿವಿಗೆ ಹಿಡಿದಳು.

“ಕೊಂಡಕ್ಕಾ? ಯಾಕಮ್ಮ ಹೋದ?”

ಕಿವಿ ಮಂದ, ಸರಿಯಾಗಿ ಕೇಳಿಸಿಲ್ಲ ಎಂದುಕೊಂಡಳು ಭುವನಾ. “ಅಲ್ಲ ಅತ್ತೆ, ಜಮೀನು ಕೊಂಡ ಮೇಲೆ ಫೋನ್ ಮಾಡ್ತೀನಿ ಅಂತ ಹೇಳಿದ್ರು.”

“ಜಮೀನಾ? ಜಮೀನು ಅಂತ ಎಲ್ಲಂದ? ಕೊಂಡ ಅಂಟೇ ಕೊಂಡನೇ ಕದಮ್ಮ.” ಮುದುಕಿ ಕೈಯೆತ್ತಿ ಮನೆಗಳ ಆಚೆಗೆ ತೋರಿಸಿದಳು. “ಇದೋ, ಅದು. ನಿಮ್ ಕಡೆ ಬೆಟ್ಟ ಅಂತೀರಲ್ಲ, ಅದು. ಇಲ್ಲಿ ಫೋನ್ ಬರಲ್ಲ, ಎಲ್ಲಾರೂ ಕೊಂಡ ಮೇಲೇ ಹೋಗಿ ಮಾತಾಡೋದು.”

ಭುವನಾ ತಿರುಗಿ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಪ್ರತಿ ಸಲವೂ ನೋಡಿದ ಬೆಟ್ಟ. ಅವಳು ಅದನ್ನು ಬೆಟ್ಟ ಎಂದೇ ಕರೆದಿದ್ದಳು, ಅವಳ ಮುಂದೆ ಅವನೂ ಬೆಟ್ಟ ಎಂದೇ ಕರೆದಿದ್ದ. ಮದುವೆಯಾದ ಹೊಸದರಲ್ಲಿ ಅವನ ಬಾಯಲ್ಲಿ ತೆಲುಗು ಬಂದರೆ ಅವಳ ಅಕ್ಕತಂಗಿಯರು ನಗುತ್ತಿದ್ದರು; ಆಗ ಬಿಟ್ಟ ಮಾತುಗಳವು.

“ನಮ್ ಹತ್ರ ಯಾವತ್ತೂ ಕೊಂಡ ಅಂದಿಲ್ಲವಲ್ಲ ಅತ್ತೆ,” ಎಂದಳು.

“ಊರ್ ಬಸ್ಸಲ್ಲಿ ಕೂತಿದ್ದ ಕದಾ. ನಾಲಿಗೆ ಊರಿಗೆ ತಿರುಗಿರತ್ತೆ.”

ಹಾಗಾದರೆ ಸೋಮವಾರದಿಂದಲೂ ಅವನು ಅಲ್ಲೇ ಇದ್ದಾನೆ. ಆ ಬಿಸಿಲಿನಲ್ಲಿ. ಇಡೀ ಲೋಕ ಅವನನ್ನು ಗೋವಾದಲ್ಲಿ, ಶಿರಾದಲ್ಲಿ, ಯಾರದೋ ಮನೆಯ ಮಂಚದ ಮೇಲೆ ಹುಡುಕುತ್ತಿದ್ದಾಗ, ತಾನು ಮೊಬೈಲಿನೊಳಗೆ ತಲೆ ಹುದುಗಿಸಿ ಕೂತಿದ್ದಾಗ, ಅವನು ತಾನು ಹೇಳಿದ ಜಾಗದಲ್ಲೇ ಇದ್ದಾನೆ. ಭುವನಾ ಎದ್ದು ಚಪ್ಪಲಿ ಮೆಟ್ಟಿದಳು.

ಸರ್ವಮಂಗಳಮ್ಮ ಬೀದಿಗೆ ಬಂದು, ಕುರಿ ಹೊಡೆದುಕೊಂಡು ಹೊರಟಿದ್ದ ದೊಡ್ಡರಂಗಪ್ಪನನ್ನು ನಿಲ್ಲಿಸಿದಳು. ಅವನು ಕೇಳಿದವನೇ ಕುರಿಗಳನ್ನು ಅಲ್ಲೇ ಬಿಟ್ಟ. ಬಸ್ಸು ಬೆಟ್ಟದ ಆಚೆ ಮಗ್ಗುಲಲ್ಲೂ ನಿಲ್ಲುತ್ತದೆ, ಊರಿನವರು ಫೋನಿಗೆ ಹತ್ತುವುದು ಈಚೆಯಿಂದಷ್ಟೇ, ಅಲ್ಲಿ ಇಳಿದು ಹತ್ತಿದರೆ ಊರಿನ ಯಾರ ಕಣ್ಣಿಗೂ ಬೀಳುವುದಿಲ್ಲ, ಕೂಗಿದರೂ ಕೇಳುವುದಿಲ್ಲ, ದೊಣೆಯ ಹತ್ತಿರ ಬಂಡೆ ಬಲು ಜಾರು ಎಂದ. ಬಂಡೆಯ ನಡುವೆ ಮಳೆನೀರು ನಿಲ್ಲುವ ಗುಂಡಿಗೆ ಅಲ್ಲಿ ದೊಣೆ ಎನ್ನುತ್ತಾರೆ. ಹಗ್ಗ, ಕಂಬಳಿ ಹಿಡಿದು ನಾಲ್ಕಾರು ಜನ ಹೊರಟರು. “ನೀನ್ ಬ್ಯಾಡ ಕಣಮ್ಮ, ಬಿಸಿಲು ಐತೆ,” ಎಂದ ದೊಡ್ಡರಂಗಪ್ಪ. ಅವಳು ನಿಲ್ಲಲಿಲ್ಲ. ಅವನು ತನ್ನ ಕೋಲನ್ನು ಅವಳ ಕೈಗೆ ಕೊಟ್ಟ.

ಹತ್ತುವಾಗ ಭುವನಾ ದೇವರನ್ನು ನೆನೆಯಲಿಲ್ಲ. ‘ಕೊಂಡ ಮೇಲೆ, ಕೊಂಡ ಮೇಲೆ’ ಎಂದು ವಿಡಿಯೋ ಬಡಿದ ಹಾಗೆಯೇ ತಲೆಯೊಳಗೆ ಬಡಿಯುತ್ತಿತ್ತು. ಚಪ್ಪಲಿ ಕಿತ್ತುಹೋಯಿತು. ಬಂಡೆ ಕಾದ ಹಂಚಿನಂತಿತ್ತು. ನೆತ್ತಿ ಹತ್ತಿರವಾದಾಗ ಸೆರಗಿನಲ್ಲಿದ್ದ ಮೊಬೈಲು ಒಮ್ಮೆಲೇ ಜೀವ ಬಂದಂತೆ ಗುಂಯ್‌ಗುಟ್ಟಿತು. ಬೆಳಗಿನಿಂದ ತಡೆದು ನಿಂತಿದ್ದ ಜನರ ಮಾತುಗಳೆಲ್ಲ ಒಂದರ ಮೇಲೊಂದು ಬೀಳತೊಡಗಿದವು. ಕಂಡೆ, ಕಂಡೆ, ನಾನೂ ಕಂಡೆ. ಅದೇ ಹೊತ್ತಿಗೆ ಕೆಳಗಿನ ಬಂಡೆಗಳ ಸಂದಿನಿಂದ ದೊಡ್ಡರಂಗಪ್ಪನ ಕೂಗು ಬಂತು.

ರುದ್ರಮುನಿ ದೊಣೆಯ ಅಂಚಿನಲ್ಲಿ ಜಾರಿ ಸಂದಿಗೆ ಬಿದ್ದಿದ್ದ. ಬಲಗಾಲು ತೊಡೆಯಿಂದ ಕೆಳಗೆ ಬೇರೆಯವರ ಕಾಲಿನ ಹಾಗೆ ಹೊರಳಿ, ಬಾತು, ಕಪ್ಪಾಗಿತ್ತು. ಮೊಬೈಲು ನೀರಿನ ಪಾಲಾಗಿತ್ತು. ಅಂಗಿ ಬಿಚ್ಚಿ, ಅದರ ತೋಳನ್ನು ದೊಣೆಗೆ ಎಸೆದು, ಒದ್ದೆ ಮಾಡಿ ಹೀರಿದ್ದ. ಅದೇ ಅವನ ಜೀವ ಹಿಡಿದಿತ್ತು. ಮೊದಲೆರಡು ದಿನ ಕೂಗಿದ್ದನಂತೆ. ಸೋಲಾರ್ ಕೆಲಸದವರ ಗಾಡಿಗಳು ಕೆಳಗೆ ಹೋಗುವುದು ಕಾಣುತ್ತಿತ್ತಂತೆ. ಭುವನಾ ಬಗ್ಗಿ ಮುಖ ಹತ್ತಿರ ತಂದಾಗ ಅವನಿಗೆ ಗುರುತು ಸಿಗಲು ಹೊತ್ತು ಹಿಡಿಯಿತು. ಒಡೆದ ತುಟಿ ಅಲುಗಿತು.

“ಫೋನ್ ಮಾಡಾಕ್ಕಾಗ್ಲಿಲ್ಲ,” ಎಂದ, ತಪ್ಪು ಮಾಡಿದವನಂತೆ.

ಅವಳು ಶಿವರಂಜನಿಗೆ ಫೋನ್ ಮಾಡಿದಳು. “ಕೊಂಡ ಮೇಲಿಂದ ಮಾಡ್ತಾ ಇದ್ದೀನಿ,” ಎಂದಷ್ಟೇ ಹೇಳಲಾಯಿತು. ಆ ಹುಡುಗಿ ಎದುರು ಪ್ರಶ್ನೆ ಹಾಕದೆ ಊರಿನ ಹೆಸರು ಕೇಳಿದಳು, ಆಂಬುಲೆನ್ಸ್ ಕಳಿಸಿದಳು. ಕಂಬಳಿಯ ಜೋಲಿಯಲ್ಲಿ ಅವನನ್ನು ಇಳಿಸುವಾಗ ಹೊತ್ತವರು ಹೆಜ್ಜೆ ಹೆಜ್ಜೆಗೂ, “ಸ್ವಲ್ಪ ತಡ್ಕೊಳಣ್ಣಾ, ಆಯ್ತು,” ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ತುಮಕೂರಿನ ಆಸ್ಪತ್ರೆಯಲ್ಲಿ ವೈದ್ಯರು, ಕಾಲು ಉಳಿಯುವುದು ಕಷ್ಟ, ಗಾಯದ ನಂಜು ಮೈಗೇರಿದೆ, ಜೀವದ ವಿಷಯವನ್ನೂ ಈಗಲೇ ಹೇಳಲಾಗದು ಎಂದರು. ಭುವನಾ ಹೊರಗಿನ ಬೆಂಚಿನಲ್ಲಿ ಕುಳಿತಳು. ಪಕ್ಕದಲ್ಲಿ ಸರ್ವಮಂಗಳಮ್ಮ ಅವಳ ಭುಜಕ್ಕೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಮೊಬೈಲಿನಲ್ಲಿ ಪ್ರಸನ್ನ ಕುಮಾರನ ಹೊಸ ವಿಡಿಯೋ ಓಡುತ್ತಿತ್ತು. ಬೆಟ್ಟಕ್ಕೆ ಹೋದದ್ದು ಯಾಕೆ, ತಳ್ಳಿದ್ದು ಯಾರು ಎಂದು ಈಗ ಜನ ಕೇಳುತ್ತಿದ್ದರು.

ಅವಳು ಅದನ್ನು ಬಿಟ್ಟು ಹಳೆಯ ವಿಡಿಯೋಗೆ ಹೋದಳು. ನೂರಾರು ಮಾತುಗಳನ್ನು ಮೇಲಕ್ಕೆ ಸರಿಸುತ್ತಾ ಕುರಿಮರಿ ಎತ್ತಿಕೊಂಡ ಆ ಮುಖವನ್ನು ಹುಡುಕಿದಳು. ‘ಏ ಕೊಂಡ ಅನ್ನಾ.’ ಅತ್ತೆಯನ್ನು ಮೆಲ್ಲಗೆ ಅಲುಗಿಸಿ, ಹಾಗಂದರೇನು ಎಂದು ಕೇಳಿದಳು.

ಮುದುಕಿ ಕಣ್ಣು ಬಿಡದೆಯೇ ಹೇಳಿದಳು. “ಯಾವ ಬೆಟ್ಟ ಅಣ್ಣಾ ಅಂತ ಕೇಳ್ತಾವ್ನೆ.”

ಅಷ್ಟು ಸಾವಿರ ಜನರಲ್ಲಿ ಅವನೊಬ್ಬ ಸರಿಯಾದ ಪ್ರಶ್ನೆ ಕೇಳಿದ್ದ. ಬುಧವಾರವೇ ಕೇಳಿದ್ದ. ಯಾರೂ ಅದಕ್ಕೆ ಉತ್ತರ ಕೊಟ್ಟಿರಲಿಲ್ಲ. ಭುವನಾ, ಒಳಗಿನ ಬಾಗಿಲು ಯಾವಾಗ ತೆರೆಯುತ್ತದೋ ಎಂದು ಒಂದು ಕಣ್ಣು ಅತ್ತ ಇಟ್ಟುಕೊಂಡೇ, ಅದರ ಕೆಳಗೆ ಬರೆದಳು:

‘ನಮ್ಮೂರ ಕೊಂಡ, ತಮ್ಮಾ.’